ಒಂದೇ ತೂಬು, ನಲವತ್ತು ಹೊಲ

“ನೋಡ್ರಿ ಸರ್, ಫೈರ್‌ಫಾಕ್ಸ್‌ನ್ಯಾಗ ನೆಟ್ ಬರತೈತಿ. ಟರ್ಮಿನಲ್‌ದಾಗ ಬರವಲ್ದು.”

ಮೂಡಲಗಿಯ ಒಂದು ಕಂಪ್ಯೂಟರ್ ಲ್ಯಾಬಿನಲ್ಲಿ ಕಿಟಕಿ ಪಕ್ಕದ ಸಾಲಿನಿಂದ ಬಂದ ಮಾತು. ಹುಡುಗಿ ತನ್ನ ಸೆಮಿನಾರಿನ ವರದಿಯನ್ನು ಕನ್ನಡದಲ್ಲಿ ಬರೆಯಲು ಕೂತಿದ್ದಳು. ಆ ಯಂತ್ರಕ್ಕೆ ಹೊಸದಾಗಿ ಡೆಬಿಯನ್ ಲಿನಕ್ಸ್ ಹಾಕಿದ್ದೆವು. ಕನ್ನಡದ ಫಾಂಟು ಇನ್ನೂ ಇರಲಿಲ್ಲ. ಅಕ್ಷರ ಬರಬೇಕಾದ ಕಡೆ ಖಾಲಿ ಚೌಕಗಳು ಸಾಲುಗಟ್ಟಿದ್ದವು. ಫಾಂಟು ತರಿಸಲು ಅವಳು ಕೊಟ್ಟ ಕಮಾಂಡಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೂ ಸೊನ್ನೆ ಪ್ರತಿಶತ ತೋರಿಸುತ್ತ ನಿಂತಿದ್ದ ಸಾಲು, ಸ್ವಲ್ಪ ಹೊತ್ತಿಗೆ ‘ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್’ ಎಂದು ಕೈಚೆಲ್ಲಿತು. ಅದೇ ಯಂತ್ರ, ಅದೇ ತಂತಿ. ಅದೇ ಪರದೆಯ ಅರ್ಧಭಾಗದಲ್ಲಿ ಫೈರ್‌ಫಾಕ್ಸ್ ಮಾತ್ರ ಪತ್ರಿಕೆಯ ಪುಟವನ್ನು ಚಿತ್ರಸಮೇತ ತೋರಿಸುತ್ತಿತ್ತು.

ಹಾಗಾದರೆ ನೆಟ್ ಇದೆಯೋ, ಇಲ್ಲವೋ? ‘ಯಾರಿಗೆ?’ ಎಂದು ಮರಳಿ ಕೇಳದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಮೂಡಲಗಿ ಸೀಮೆಯ ರೈತನಿಗೆ ಇದು ಹೊಸ ಮಾತಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಡ್ಡ ಕಟ್ಟಿದ ಜಲಾಶಯ 51 ಟಿಎಂಸಿ ನೀರು ಹಿಡಿಯುತ್ತದೆ. ಅಲ್ಲಿಂದ ಬಿಟ್ಟ ನೀರು ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡಿಗೆ ಬಂದು ತಾಗಿ ಎಡದಂಡೆ ಕಾಲುವೆಗೆ ಹೊರಳುತ್ತದೆ. ಕಾಲುವೆಯಿಂದ ಉಪಕಾಲುವೆ, ಉಪಕಾಲುವೆಯಿಂದ ಹೊಲಗಾಲುವೆ. ಕಬ್ಬು ಹಚ್ಚಿದವನು ಹಿಡಕಲ್‌ಗೆ ಕೊಡ ಹೊತ್ತು ಹೋಗುವುದಿಲ್ಲ. ತನ್ನ ಹೊಲಕ್ಕೆ ನೀರು ಬಿಡುವ ತೂಬು ಎಲ್ಲಿದೆ ಎಂದು ಅವನಿಗೆ ಗೊತ್ತಿದ್ದರೆ ಸಾಕು. ಅದು ಗೊತ್ತಿಲ್ಲದಿದ್ದರೆ ಜಲಾಶಯ ತುಂಬಿ ತುಳುಕುತ್ತಿದ್ದರೂ ಬೆಳೆ ಒಣಗುತ್ತದೆ.

ಆ ಲ್ಯಾಬಿನಲ್ಲಿಯೂ ಹೊರಜಗತ್ತಿಗೆ ಇದ್ದದ್ದು ಒಂದೇ ತೂಬು. ಅದಕ್ಕೆ ಪ್ರಾಕ್ಸಿ ಸರ್ವರ್ ಎನ್ನುತ್ತಾರೆ. ಬಾರದ ಗೆಳೆಯನ ಪರವಾಗಿ ‘ಎಸ್ ಸರ್’ ಎನ್ನುವುದಕ್ಕೆ ವಿದ್ಯಾರ್ಥಿಗಳು ಪ್ರಾಕ್ಸಿ ಎನ್ನುತ್ತಾರಲ್ಲ, ಅದೇ ಪದ, ಹೆಚ್ಚುಕಡಿಮೆ ಅದೇ ಅರ್ಥ: ಇನ್ನೊಬ್ಬರ ಪರವಾಗಿ ಮಾತಾಡುವವನು. ಸಾಮಾನ್ಯವಾಗಿ ಒಂದು ಯಂತ್ರಕ್ಕೆ ದೂರದ ಕಡತವೊಂದು ಬೇಕಾದಾಗ ಅದು ಮೊದಲು ಆ ಸರ್ವರಿನ ಹೆಸರಿಗೆ ಅಂಕಿಗಳ ವಿಳಾಸ ಯಾವುದು ಎಂದು ವಿಚಾರಿಸುತ್ತದೆ, ಆಮೇಲೆ ನೇರವಾಗಿ ಅಲ್ಲಿಗೇ ಹೋಗಿ ಕಡತ ಕೇಳುತ್ತದೆ. ಪ್ರಾಕ್ಸಿ ಇರುವಲ್ಲಿ ಯಂತ್ರ ಹೊಸ್ತಿಲು ದಾಟುವುದಿಲ್ಲ. ಪೂರ್ತಿ ವಿಳಾಸವನ್ನು ಬರೆದು ಪ್ರಾಕ್ಸಿಯ ಕೈಗೆ ಕೊಡುತ್ತದೆ. ಹೆಸರು ಹುಡುಕುವುದು, ಹೋಗುವುದು, ತರುವುದು ಎಲ್ಲ ಪ್ರಾಕ್ಸಿಯ ಕೆಲಸ. ಅದಕ್ಕೇ ಅವಳ ಟರ್ಮಿನಲ್ಲಿನಲ್ಲಿ ಬಂದ ದೂರು ‘ಹೆಸರು ಬಿಡಿಸಲಾಗಲಿಲ್ಲ’ ಎಂಬುದಾಗಿತ್ತು. ತೂಬಿನ ಹತ್ತಿರ ಹೋಗುವುದನ್ನು ಬಿಟ್ಟು ಅದು ಹಿಡಕಲ್‌ನ ದಾರಿ ಕೇಳುತ್ತ ನಿಂತಿತ್ತು.

ಇಂಥ ಕಡೆ ಬಹಳ ಜನ ಎಡವುವುದು ‘ಪಿಂಗ್’ ಕಮಾಂಡಿನಲ್ಲಿ. ನೆಟ್ ಇದೆಯೇ ಎಂದು ನೋಡಲು ಪಿಂಗ್ ಮಾಡುತ್ತಾರೆ, ಉತ್ತರ ಬಾರದಿದ್ದರೆ ತಂತಿ ಕಿತ್ತು ಮತ್ತೆ ಸಿಕ್ಕಿಸುತ್ತಾರೆ. ಪಿಂಗ್ ಕಳಿಸುವ ಪೊಟ್ಟಣದ ಜಾತಿಯೇ ಬೇರೆ. ವೆಬ್ ಪ್ರಾಕ್ಸಿ ಅದನ್ನು ಮುಟ್ಟುವುದೇ ಇಲ್ಲ. ಪ್ರಾಕ್ಸಿಯ ಹಿಂದೆ ಕೂತವನಿಗೆ ಪಿಂಗ್‌ನ ಮೌನದಿಂದ ಏನೂ ತಿಳಿಯುವುದಿಲ್ಲ.

ಇನ್ನು ಅವಳು ಕರೆದ ಪ್ಯಾಕೇಜ್ ಮ್ಯಾನೇಜರ್. ಗೋಕಾಕದ ಕರದಂಟನ್ನು ನೆನೆಸಿಕೊಳ್ಳಿ. ಮನೆಯಲ್ಲಿ ಮಾಡಬೇಕೆಂದರೆ ಅಂಟು ಬೇಕು, ಅಂಟನ್ನು ಕರಿಯಲು ತುಪ್ಪ ಬೇಕು, ಜೊತೆಗೆ ಬೆಲ್ಲ, ಕೊಬ್ಬರಿ, ಉತ್ತತ್ತಿ, ಬಾದಾಮಿ. ‘ಕರದಂಟಿಗೆ ಸಾಮಾನು ಕೊಡ್ರಿ’ ಎಂದೊಡನೆ ಚೀಟಿಯಿಲ್ಲದೆ ಎಲ್ಲವನ್ನೂ ಕಟ್ಟಿಕೊಡುವ ಕಿರಾಣಿ ಅಂಗಡಿಯವರು ಇದ್ದಾರೆ. ಮನೆಯಲ್ಲಿ ಬೆಲ್ಲ ಇದ್ದರೆ ‘ಬೆಲ್ಲ ಬ್ಯಾಡ’ ಅಂದರಾಯಿತು. ಲಿನಕ್ಸಿನ ಪ್ಯಾಕೇಜ್ ಮ್ಯಾನೇಜರ್ ಆ ಅಂಗಡಿಯವರು. ಒಂದು ತಂತ್ರಾಂಶ ಕೇಳಿದರೆ ಅದಕ್ಕೆ ಬೇಕಾದ ಉಳಿದದ್ದನ್ನೆಲ್ಲ ಲೆಕ್ಕಹಾಕಿ, ಯಂತ್ರದಲ್ಲಿ ಈಗಾಗಲೇ ಇರುವುದನ್ನು ಬಿಟ್ಟು, ಮಿಕ್ಕಿದ್ದನ್ನು ತರಿಸುತ್ತದೆ. ಇಯಾನ್ ಮರ್ಡಾಕ್ 1993ರಲ್ಲಿ ಶುರುಮಾಡಿದ ಡೆಬಿಯನ್‌ನಲ್ಲಿ ಈ ಕೆಲಸ ಮಾಡುವ ‘ಆಪ್ಟ್’ 1999ರ ಆವೃತ್ತಿಯೊಂದಿಗೆ ಬಳಕೆಗೆ ಬಂತು. ಫೆಡೋರಾ ಬಳಗದಲ್ಲಿ ಮೊದಲು ‘ಯಮ್’ ಇತ್ತು, 2015ರಿಂದ ‘ಡಿಎನ್‌ಎಫ್’. ಹೆಸರು ಬೇರೆ, ಕಾಯಕ ಒಂದೇ.

ಲ್ಯಾಬಿಗೆ ಮರಳೋಣ. ಫೈರ್‌ಫಾಕ್ಸ್ ತನ್ನದೇ ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿಯ ವಿಳಾಸ ಇಟ್ಟುಕೊಂಡಿತ್ತು: 192.168.1.1, ಪೋರ್ಟ್ 3128. ಆ ಗುಟ್ಟು ಫೈರ್‌ಫಾಕ್ಸ್‌ಗೆ ಮಾತ್ರ ಗೊತ್ತು. ಟರ್ಮಿನಲ್ಲಿನ ಕಾರ್ಯಕ್ರಮಗಳು ವಿಳಾಸ ಹುಡುಕುವ ಜಾಗವೇ ಬೇರೆ. ಅದು ಪರಿಸರ ಚರಾಂಶ, ಅಂದರೆ ಶೆಲ್ ತನ್ನ ಜೇಬಿನಲ್ಲಿಟ್ಟುಕೊಂಡು ತಾನು ಹುಟ್ಟಿಸುವ ಪ್ರತಿ ಕಾರ್ಯಕ್ರಮಕ್ಕೂ ನಕಲು ಮಾಡಿಕೊಡುವ ಚೀಟಿ. ಅವಳಿಂದ ಈ ಸಾಲು ಬರೆಸಿದೆ. ಇಲ್ಲಿ ಕನ್ನಡದಲ್ಲಿ ಅಚ್ಚಾದದ್ದನ್ನು ಕೀಲಿಮಣೆಯಲ್ಲಿ ರೋಮನ್ ಸಣ್ಣಕ್ಷರಗಳಲ್ಲಿ ಒತ್ತಬೇಕು:

ಎಕ್ಸ್‌ಪೋರ್ಟ್ ಎಚ್‌ಟಿಟಿಪಿ_ಪ್ರಾಕ್ಸಿ=ಎಚ್‌ಟಿಟಿಪಿ://192.168.1.1:3128

ಆಮೇಲೆ ‘ಡಬ್ಲ್ಯುಗೆಟ್’ ಕಮಾಂಡಿನಿಂದ ಒಂದು ಪುಟ ತರಿಸಿ ನೋಡಿದಳು. ಬಂತು. ಮುಖ ಅರಳಿತು. ಕೂಡಲೇ ‘ಸುಡೋ ಆಪ್ಟ್ ಅಪ್‌ಡೇಟ್’ ಎಂದು ಕೊಟ್ಟಳು. ಮತ್ತೆ ಸೊನ್ನೆ ಪ್ರತಿಶತ, ಮತ್ತೆ ಅದೇ ದೂರು.

“ಈಗರ ಬಂತಲ್ರಿ ಸರ್, ಮತ್ತ ಯಾಕ ಹೋತು?”

ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಜಾಗ ಇದು. ಉತ್ತರ ಹೇಳುವ ಬದಲು ಅವಳಿಂದಲೇ ಎರಡು ಕಮಾಂಡು ಕೊಡಿಸಿದೆ. ಮೊದಲನೆಯದು ‘ಎನ್ವ್’: ಜೇಬಿನಲ್ಲಿರುವ ಚೀಟಿಗಳನ್ನೆಲ್ಲ ಹರವಿ ತೋರಿಸುವಂಥದ್ದು. ಆ ಪಟ್ಟಿಯಲ್ಲಿ ಪ್ರಾಕ್ಸಿಯ ಸಾಲು ಎದ್ದು ಕಂಡಿತು. ಎರಡನೆಯದು ಅದೇ ಕಮಾಂಡು, ಮುಂದೆ ‘ಸುಡೋ’ ಸೇರಿಸಿ. ಪಟ್ಟಿ ಚಿಕ್ಕದಾಗಿತ್ತು. ಪ್ರಾಕ್ಸಿಯ ಸಾಲು ಅಲ್ಲಿ ಇರಲೇ ಇಲ್ಲ.

ಸುಡೋ ಎಂದೊಡನೆ ಕಮಾಂಡು ಕೊಡುವವರು ಬದಲಾಗುತ್ತಾರೆ. ಅಲ್ಲಿಯತನಕ ಆ ಹುಡುಗಿ. ಅಲ್ಲಿಂದ ಮುಂದೆ ‘ರೂಟ್’, ಯಂತ್ರದ ಯಜಮಾನ. ಪರೀಕ್ಷೆಯ ಕೊಠಡಿಗೆ ಹೋಗುವ ಮುನ್ನ ಚೀಲ, ಪುಸ್ತಕ, ಚೀಟಿ ಎಲ್ಲ ಹೊರಗಿಡಿಸುತ್ತಾರಲ್ಲ, ಹಾಗೆ ಸುಡೋ ಸಾಮಾನ್ಯ ಬಳಕೆದಾರನ ಚೀಟಿಗಳನ್ನು ಬಾಗಿಲಲ್ಲೇ ತೆಗೆಸಿ ಒಳಗೆ ಬಿಡುತ್ತದೆ. ಇದು ಕಾಟ ಕೊಡಲಿಕ್ಕಲ್ಲ. ಯಾವ ಗ್ರಂಥಾಲಯ ಕಡತ ಓದಬೇಕು, ಯಾವ ಹಾದಿಯಲ್ಲಿ ಕಮಾಂಡು ಹುಡುಕಬೇಕು ಎಂಬುದನ್ನೂ ಇಂಥ ಚೀಟಿಗಳೇ ಹೇಳುತ್ತವೆ. ಯಾರೋ ಬರೆದಿಟ್ಟ ಚೀಟಿಯನ್ನು ಯಜಮಾನ ಕಣ್ಮುಚ್ಚಿ ನಂಬಿದರೆ ಇಡೀ ಯಂತ್ರ ಪರರ ಪಾಲಾಗಬಹುದು. ‘ಸುಡೋ’ ಪಕ್ಕದಲ್ಲಿ ‘-ಇ’ ಎಂದು ದೊಡ್ಡಕ್ಷರದಲ್ಲಿ ಸೇರಿಸಿದರೆ ಚೀಟಿಗಳ ಸಮೇತ ಒಳಗೆ ಬಿಡು ಎಂದು ಕೇಳಿದಂತೆ. ಯಂತ್ರದ ನಿಯಮ ಒಪ್ಪಿದರೆ ಕೆಲಸ ಆಗುತ್ತದೆ. ಆದರೆ ದಿನಾ ಹಾಗೆ ಮಾಡುವುದು ನನಗೆ ಸರಿಕಾಣುವುದಿಲ್ಲ. ಬೇಕಾದದ್ದು ಒಂದೇ ಚೀಟಿ. ಅದಕ್ಕಾಗಿ ಚೀಲವನ್ನೇ ಒಳಗೆ ಒಯ್ಯುವುದೇಕೆ?

ಯಜಮಾನನಿಗೆ ಹೇಳಬೇಕಾದದ್ದನ್ನು ಯಜಮಾನನ ಪುಸ್ತಕದಲ್ಲೇ ಬರೆದಿಡುವುದು ಸರಿಯಾದ ದಾರಿ. ಆಪ್ಟ್‌ಗೆ ಅಂಥ ಪುಸ್ತಕವಿದೆ: ‘ಇಟಿಸಿ’ ಕೋಶದೊಳಗೆ ‘ಆಪ್ಟ್’, ಅದರೊಳಗೆ ‘ಆಪ್ಟ್.ಕಾನ್ಫ್.ಡಿ’. ಅಲ್ಲಿ ‘95ಪ್ರಾಕ್ಸಿ’ ಎಂಬ ಹೊಸ ಕಡತ ಮಾಡಿ ಒಂದು ಸಾಲು ಬರೆದೆವು:

ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ "ಎಚ್‌ಟಿಟಿಪಿ://192.168.1.1:3128/";

ಕೊನೆಯ ಅರ್ಧವಿರಾಮ ಬಿಟ್ಟರೆ ಆಪ್ಟ್ ಆ ಕಡತವನ್ನು ಒಪ್ಪದೆ ತಕರಾರು ತೆಗೆಯುತ್ತದೆ. ಕಡತದ ಹೆಸರಿನಲ್ಲೂ ಒಂದು ಸೂಕ್ಷ್ಮವಿದೆ. ಬಾಲವಿಲ್ಲದ ಹೆಸರು ಇಲ್ಲವೇ ‘.ಕಾನ್ಫ್’ ಬಾಲದ ಹೆಸರು ಮಾತ್ರ ನಡೆಯುತ್ತದೆ; ‘.ಟಿಎಕ್ಸ್‌ಟಿ’ ಎಂದು ಉಳಿಸಿದರೆ ಆಪ್ಟ್ ಅದನ್ನು ಓದುವುದೇ ಇಲ್ಲ. ಬರೆದದ್ದು ನಿಜವಾಗಿ ತಲುಪಿದೆಯೇ ಎಂದು ನೋಡಲು ‘ಆಪ್ಟ್-ಕಾನ್ಫಿಗ್ ಡಂಪ್’ ಕಮಾಂಡಿದೆ. ಡಿಎನ್‌ಎಫ್ ಬಳಸುವವರು ‘ಡಿಎನ್‌ಎಫ್.ಕಾನ್ಫ್’ ಕಡತದಲ್ಲಿ ‘ಪ್ರಾಕ್ಸಿ=’ ಎಂದು ಬರೆದು ವಿಳಾಸ ಕೊಟ್ಟರೆ ಸಾಕು.

ಲ್ಯಾಬಿನ ಯಂತ್ರ ಜಾಗ ಬಿಟ್ಟು ಕದಲುವುದಿಲ್ಲ, ಅದಕ್ಕೆ ಇದು ಸರಿ. ಲ್ಯಾಪ್‌ಟಾಪಿನ ಮಾತು ಬೇರೆ. ಹುಕ್ಕೇರಿಯಿಂದ ಬಂದು ಹೋಗುವ ಹುಡುಗನೊಬ್ಬ ಇಲ್ಲಿ ಇದೇ ಸಾಲು ಬರೆದುಕೊಂಡು ಸಂಜೆ ಮನೆಗೆ ಹೋದ. ಅಲ್ಲಿ ಫೋನಿನ ಹಾಟ್‌ಸ್ಪಾಟ್ ಹಚ್ಚಿದರೆ ಆಪ್ಟ್ ಇಲ್ಲದ ಪ್ರಾಕ್ಸಿಯನ್ನು ಹುಡುಕುತ್ತ ಕೂತಿತು. ಅಂಥವರು ಕಡತ ಬರೆಯುವ ಗೋಜಿಗೆ ಹೋಗದೆ, ಕಮಾಂಡಿನ ಜೊತೆಗೇ ‘-ಒ’ ಎಂದು ಸೇರಿಸಿ ಅದೇ ಸೂಚನೆಯನ್ನು ಆ ಒಂದು ಸಲಕ್ಕೆ ಮಾತ್ರ ಕೊಡಬಹುದು. ಪ್ರಾಕ್ಸಿ ಇದ್ದಲ್ಲಿ ಬಳಸಿ, ಇಲ್ಲದಲ್ಲಿ ನೇರ ಹೋಗುವಂತೆ ತಾನೇ ನೋಡಿಕೊಳ್ಳುವ ‘ಆಟೊ-ಆಪ್ಟ್-ಪ್ರಾಕ್ಸಿ’ ಎಂಬ ಪ್ಯಾಕೇಜೂ ಡೆಬಿಯನ್‌ನಲ್ಲಿದೆ.

ಸಣ್ಣಕ್ಷರದಲ್ಲೇ ಬರೆಯಬೇಕು ಎಂದೆನಲ್ಲ, ಅದರ ಹಿಂದೆ ಒಂದು ಕಥೆಯಿದೆ. ಹಳೆಯ ವೆಬ್ ಸರ್ವರುಗಳು ಹೊರಗಿನಿಂದ ಬಂದ ಕೋರಿಕೆಯ ಪ್ರತಿ ತಲೆಸಾಲನ್ನೂ ‘ಎಚ್‌ಟಿಟಿಪಿ_’ ಎಂಬ ದೊಡ್ಡಕ್ಷರಗಳನ್ನು ಮುಂದೆ ಸೇರಿಸಿ ಪರಿಸರ ಚರಾಂಶವಾಗಿ ಮಾಡುತ್ತಿದ್ದವು. ಯಾರಾದರೂ ‘ಪ್ರಾಕ್ಸಿ’ ಎಂಬ ಹೆಸರಿನ ತಲೆಸಾಲು ಕಳಿಸಿದರೆ ಅದು ದೊಡ್ಡಕ್ಷರದ ‘ಎಚ್‌ಟಿಟಿಪಿ_ಪ್ರಾಕ್ಸಿ’ ಆಗಿಬಿಡುತ್ತಿತ್ತು! ದಾರಿಹೋಕನೊಬ್ಬ ನಿಮ್ಮ ಹೊಲದ ತೂಬನ್ನು ತನ್ನ ಕಡೆ ತಿರುಗಿಸಿಕೊಂಡಂತೆ. ಇದು 2001ರಲ್ಲೇ ಕೆಲವರ ಕಣ್ಣಿಗೆ ಬಿದ್ದಿತ್ತು. ಅಂದಿನಿಂದಲೇ ಡಬ್ಲ್ಯುಗೆಟ್‌ನಂಥ ಇನ್ನೊಂದು ಕಮಾಂಡಾದ ‘ಕರ್ಲ್’ ಈ ಒಂದು ಚರಾಂಶವನ್ನು ಸಣ್ಣಕ್ಷರದಲ್ಲಿ ಮಾತ್ರ ಓದುತ್ತದೆ. 2016ರ ಜುಲೈನಲ್ಲಿ ‘ಎಚ್‌ಟಿಟಿಪಾಕ್ಸಿ’ ಎಂಬ ಹೆಸರಿನಲ್ಲಿ ಇದು ಮತ್ತೆ ಸುದ್ದಿಯಾದಾಗ ಅನೇಕ ಭಾಷೆಗಳ ಗ್ರಂಥಾಲಯಗಳು ತಿದ್ದಿಕೊಳ್ಳಬೇಕಾಯಿತು.

ಪ್ರಾಕ್ಸಿ ಹೆಸರು, ಪಾಸ್‌ವರ್ಡ್ ಕೇಳುವಂಥದ್ದಾದರೆ ಅವನ್ನೂ ವಿಳಾಸದಲ್ಲೇ ಸೇರಿಸುತ್ತಾರೆ, ಹೆಸರು:ಪಾಸ್‌ವರ್ಡ್@ವಿಳಾಸ ಎಂಬ ರೂಪದಲ್ಲಿ. ಪಾಸ್‌ವರ್ಡಿನಲ್ಲೇ @ ಇದ್ದರೆ ಯಂತ್ರಕ್ಕೆ ಎಲ್ಲಿ ಕತ್ತರಿಸಬೇಕು ತಿಳಿಯುವುದಿಲ್ಲ. ಅದನ್ನು %40 ಎಂದು, # ಇದ್ದರೆ %23 ಎಂದು ಬರೆಯಬೇಕು. ತಪ್ಪಿದರೆ 407 ಎಂಬ ಅಂಕಿ ಬರುತ್ತದೆ. 407 ಅಂದರೆ ಪ್ರಾಕ್ಸಿ ಸಿಕ್ಕಿದೆ, ನಿಮ್ಮ ಗುರುತು ಮಾತ್ರ ಒಪ್ಪಿಲ್ಲ ಎಂದರ್ಥ. ಆಗ ತಂತಿ, ಸ್ವಿಚ್ಚು ಮುಟ್ಟಬೇಡಿ. ಇನ್ನೊಂದು ಎಚ್ಚರ: ಆಪ್ಟ್‌ನ ಆ ಕಡತವನ್ನು ಸಾಮಾನ್ಯವಾಗಿ ಯಂತ್ರ ಬಳಸುವ ಯಾರು ಬೇಕಾದರೂ ಓದಬಹುದು. ನಲವತ್ತು ಮಕ್ಕಳು ಕೂರುವ ಲ್ಯಾಬಿನಲ್ಲಿ ನಿಮ್ಮ ಪಾಸ್‌ವರ್ಡನ್ನು ಅಲ್ಲಿ ಬರೆದಿಡುವುದೂ ಒಂದೇ, ಕರಿಹಲಗೆಯ ಮೇಲೆ ಬರೆಯುವುದೂ ಒಂದೇ.

ಪ್ರಾಕ್ಸಿ ಎಂದರೆ ಬೀಗ ಎಂದೇ ಬಹಳ ಕಾಲೇಜುಗಳು ತಿಳಿದಿವೆ. ಯಾವ ತಾಣ ನೋಡಬಾರದು ಎಂದು ತಡೆಯಲಿಕ್ಕೆ ಅದನ್ನು ಇಟ್ಟುಕೊಂಡು, ಅದು ತುಂಬಿಡಬಲ್ಲದು ಎಂಬುದನ್ನು ಮರೆತೇಬಿಡುತ್ತಾರೆ. ಇದು ನನಗೆ ನಿಜವಾಗಿ ನೋವು ತರುವ ಸಂಗತಿ. 1994ರಲ್ಲಿ ಸರ್ನ್‌ನ ಆರಿ ಲುಒಟೊನೆನ್, ಕೆವಿನ್ ಆಲ್ಟಿಸ್ ಜೊತೆ ಸೇರಿ ವೆಬ್ ಪ್ರಾಕ್ಸಿಗಳ ಕುರಿತು ಪ್ರಬಂಧ ಬರೆದಾಗಲೇ ಈ ಎರಡೂ ಉಪಯೋಗಗಳು ಅದರಲ್ಲಿದ್ದವು: ತಡೆಗೋಡೆಯಾಚೆಗೆ ಒಂದು ಬಾಗಿಲು, ಮತ್ತು ಒಮ್ಮೆ ತಂದದ್ದನ್ನು ಎತ್ತಿಟ್ಟುಕೊಳ್ಳುವ ಕಣಜ. 1996ರಲ್ಲಿ ಹೊರಬಂದ, 3128ನ್ನು ತನ್ನ ಪೋರ್ಟ್ ಮಾಡಿಕೊಂಡ ‘ಸ್ಕ್ವಿಡ್’ ಬೆಳೆದದ್ದೇ ಈ ಕಣಜದ ಗುಣದಿಂದ.

ಲೆಕ್ಕ ಹಾಕಿ ನೋಡೋಣ. ನಲವತ್ತು ಯಂತ್ರಗಳು, ತಲಾ 300 ಎಂಬಿ ಅಪ್‌ಡೇಟ್, ಸೆಕೆಂಡಿಗೆ 10 ಮೆಗಾಬಿಟ್ ಹರಿಯುವ ಸಂಪರ್ಕ. ಪ್ರತಿಯೊಂದೂ ಹೊರಗಿನಿಂದಲೇ ತಂದರೆ 12,000 ಎಂಬಿ, ಅಂದರೆ 2 ಗಂಟೆ 40 ನಿಮಿಷ. ಒಂದು ಯಂತ್ರ ತಂದದ್ದನ್ನು ಕಣಜದಲ್ಲಿಟ್ಟು ಉಳಿದ ಮೂವತ್ತೊಂಬತ್ತಕ್ಕೆ ಒಳಗಿನ ತಂತಿಯಲ್ಲೇ ಹಂಚಿದರೆ ಹೊರಗಿನ ಹಾದಿಯಲ್ಲಿ ತಗಲುವುದು 4 ನಿಮಿಷ.

ಕಾಲುವೆಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಒಂದು ಹೊಲಕ್ಕೆ ಹಾಯ್ದ ನೀರು ಇನ್ನೊಂದಕ್ಕೆ ಇಲ್ಲ. ಅದಕ್ಕೇ ಪಾಳಿ, ಅದಕ್ಕೇ ಜಗಳ. ತಂತ್ರಾಂಶದ ನೀರು ಎಷ್ಟು ಹೊಲಕ್ಕೆ ಹಾಯಿಸಿದರೂ ತೂಬಿನ ಹತ್ತಿರ ಹಾಗೆಯೇ ಉಳಿದಿರುತ್ತದೆ.

ಸ್ಕ್ವಿಡ್ ಹಾಕಿದ ಮಾತ್ರಕ್ಕೆ ಇದು ಆಗುವುದಿಲ್ಲ. ಮೂಲ ಸೆಟ್ಟಿಂಗ್‌ನಲ್ಲಿ ಅದು 4 ಎಂಬಿಗಿಂತ ದೊಡ್ಡ ಕಡತವನ್ನು ಎತ್ತಿಡುವುದಿಲ್ಲ. ಆ ಮಿತಿ ಏರಿಸಬೇಕು, ಡಿಸ್ಕಿನಲ್ಲಿ ಜಾಗ ಕೊಡಬೇಕು. ಅದರ ಬದಲು ಪ್ಯಾಕೇಜುಗಳಿಗೆಂದೇ ಇರುವ, 3142 ಪೋರ್ಟಿನಲ್ಲಿ ಕೂರುವ ‘ಆಪ್ಟ್-ಕ್ಯಾಚರ್-ಎನ್‌ಜಿ’ ಹಾಕಿದರೆ ಇನ್ನೂ ಸುಲಭ. ಕೆಲಸಕ್ಕೆ ಬಾರದ ಹಳೆಯ ಕಂಪ್ಯೂಟರೊಂದು ಸಾಕು.

ನಡುವಿನವನು ಎತ್ತಿಟ್ಟುಕೊಂಡದ್ದನ್ನು ನಂಬುವುದು ಹೇಗೆ ಎಂದು ಯಾರಾದರೂ ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಬೀಗಮುದ್ರೆಯ ಎಚ್‌ಟಿಟಿಪಿಎಸ್‌ನಲ್ಲಿ ಹೋದರೆ ಪ್ರಾಕ್ಸಿ ಬರೀ ಕೊಳವೆಯಾಗುತ್ತದೆ, ಒಳಗೇನಿದೆ ಕಾಣದು, ಕಾಣದ್ದನ್ನು ಹಂಚಲೂ ಆಗದು. ಡೆಬಿಯನ್ ಬೇರೆ ಉಪಾಯ ಮಾಡಿದೆ. ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಯ ಕಟ್ಟು ಯಾವ ಗಾಡಿಯಲ್ಲಿ, ಯಾರ ಕೈಯಲ್ಲಿ ಬಂತು ಎಂಬುದಕ್ಕಿಂತ ಸೀಲು ಒಡೆದಿಲ್ಲ ಎಂಬುದನ್ನೇ ಮುಖ್ಯಾಧ್ಯಾಪಕರು ನೋಡುತ್ತಾರೆ. ಇಲ್ಲಿಯೂ ಹಾಗೆಯೇ. ‘ರಿಲೀಸ್’ ಎಂಬ ಕಡತಕ್ಕೆ ಡೆಬಿಯನ್‌ನ ಡಿಜಿಟಲ್ ಸಹಿ ಇರುತ್ತದೆ. ಅದರೊಳಗೆ ಪ್ಯಾಕೇಜುಗಳ ಪಟ್ಟಿಯ ಬೆರಳಚ್ಚು, ಆ ಪಟ್ಟಿಯೊಳಗೆ ಒಂದೊಂದು ಪ್ಯಾಕೇಜಿನ 64 ಅಕ್ಷರಗಳ ಬೆರಳಚ್ಚು. ಒಂದು ಬಿಟ್ ಬದಲಾದರೂ ಆಪ್ಟ್ ಆ ಪ್ಯಾಕೇಜನ್ನು ತಳ್ಳಿಹಾಕುತ್ತದೆ. ಪ್ರಾಕ್ಸಿಯನ್ನು ನಂಬಬೇಕಾಗಿಯೇ ಇಲ್ಲ.

ಸೀಲು ನೋಡುವವರೇ ಎಡವಿದರೆ? ಒಮ್ಮೆ ಹಾಗೂ ಆಯಿತು. 2019ರ ಜನವರಿಯಲ್ಲಿ ಮ್ಯಾಕ್ಸ್ ಜಸ್ಟಿಕ್ಸ್ ಎಂಬ ಸಂಶೋಧಕ ಆಪ್ಟ್‌ನಲ್ಲೇ ಒಂದು ಬಿರುಕು ತೋರಿಸಿದರು. ‘ಕಡತ ಇಲ್ಲಿಲ್ಲ, ಅಲ್ಲಿಗೆ ಹೋಗು’ ಎಂದು ಸರ್ವರ್ ಕಳಿಸುವ ಸಂದೇಶದಲ್ಲಿ ಜಾಣತನದಿಂದ ಸಾಲು ತುರುಕಿದರೆ, ನಡುವೆ ಕೂತವನು ತನ್ನ ಕಡತವನ್ನೇ ಅಸಲಿ ಎಂದು ಆಪ್ಟ್‌ಗೆ ನಂಬಿಸಬಹುದಿತ್ತು. ತಿದ್ದುಪಡಿಯನ್ನು ತರಿಸಲೂ ಆಪ್ಟ್‌ನಿಂದಲೇ ಆಗಬೇಕು. ಹಾಗಾಗಿ ಆ ಒಂದು ಸಲಕ್ಕೆ ಹಾದಿ ಬದಲಿಸುವ ಸಂದೇಶಗಳನ್ನು ಒಪ್ಪಬೇಡ ಎಂದು, ಮೇಲೆ ಹೇಳಿದ ಅದೇ ‘-ಒ’ ಮೂಲಕ ಸೂಚಿಸಿ ಅಪ್‌ಡೇಟ್ ಮಾಡಿರಿ ಎಂದು ಡೆಬಿಯನ್ ಹೇಳಿತು. ಅಂದಿನಿಂದ ನನಗೆ ಆ ಪುಟ್ಟ ಸೂಚನೆಯ ಮೇಲೆ ಗೌರವ ಹೆಚ್ಚಿದೆ.

ಊರಿನ ಅಗತ್ಯಕ್ಕೆ ಊರೇ ಒಂದು ತೂಬು ಇಟ್ಟುಕೊಳ್ಳುವುದು ಈ ಸೀಮೆಗೆ ಹೊಸತಲ್ಲ. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು; ದೇಶದಲ್ಲಿ ಪ್ರಯೋಗವೆಂದು ಮೊದಲು ಕೈಗೊಂಡ ಐದು ಸಂಘಗಳಲ್ಲಿ ಅದೂ ಒಂದು. ಸಗಟಾಗಿ ವಿದ್ಯುತ್ ಕೊಂಡು ತಾಲ್ಲೂಕಿನ ಮನೆಗಳಿಗೆ, ಪಂಪ್‌ಸೆಟ್ಟುಗಳಿಗೆ ಹಂಚುವುದು ಅದರ ಕೆಲಸ. ಅಷ್ಟು ದೊಡ್ಡ ಕೆಲಸವನ್ನು ಸದಸ್ಯರೇ ಸೇರಿ ಕಟ್ಟಿಕೊಂಡ ನಾಡಿನಲ್ಲಿ, ಒಂದು ಹಳೆಯ ಕಂಪ್ಯೂಟರಿನಲ್ಲಿ ಪ್ಯಾಕೇಜುಗಳ ಕಣಜ ಇಡುವುದು ಯಾವ ಲ್ಯಾಬಿಗೂ ಭಾರವಾಗಬಾರದು.

ಹುಡುಗಿಯ ಯಂತ್ರದಲ್ಲಿ ‘95ಪ್ರಾಕ್ಸಿ’ ಕಡತ ಉಳಿಸಿ ಮತ್ತೆ ಅಪ್‌ಡೇಟ್ ಕೊಟ್ಟಾಗ ಸಾಲುಗಳು ಒಂದರ ಹಿಂದೊಂದು ಓಡತೊಡಗಿದವು. ಅವಳು ಕನ್ನಡ ಫಾಂಟುಗಳ ಒಂದು ಪ್ಯಾಕೇಜ್ ಕೇಳಿದಳು; ಅದರ ಬೆನ್ನಿಗೆ ಲೋಹಿತ್, ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ ಮತ್ತು ನವಿಲು ಮೂರೂ ಬಂದವು. ಚೌಕಗಳು ಮಾಯವಾಗಿ ಅಕ್ಷರ ಮೂಡಿದವು. ಕೈಬರಹದಂತೆ ಕಾಣುವ ನವಿಲು ಆರಿಸಿಕೊಂಡು ಅವಳು ಮೊದಲು ತನ್ನ ಊರಿನ ಹೆಸರು ಬರೆದಳು.

ಪಕ್ಕದವನೂ ಅದೇ ಕಮಾಂಡು ಕೊಟ್ಟ. ನಾನು ಸರ್ವರಿನ ದಾಖಲೆಪುಸ್ತಕ ತೆರೆದು ಕಾಯುತ್ತಿದ್ದೆ. ಅವಳ ಸಾಲುಗಳ ಮುಂದೆ ‘ಮಿಸ್’ ಎಂದಿತ್ತು, ಅಂದರೆ ಹೊರಗಿನಿಂದ ತಂದದ್ದು. ಅವನ ಸಾಲುಗಳು ಒಂದೊಂದಾಗಿ ಬಿದ್ದವು: ಹಿಟ್, ಹಿಟ್, ಹಿಟ್.

“ಸರ್, ನಂದು ಆಗ್ಲೇ ಬಂತ್ರಿ!”